ಮರಳು, ಗಜನಿ, ಆಳಸಮುದ್ರ: ಎಣ್ಣೆ ಬಿದ್ದಲ್ಲಿ ಯಾವ ದಾರಿ ಹಿಡಿಯಬೇಕು?

ಕಡಲಿಗೆ ಎಣ್ಣೆ ಬಿದ್ದ ಸುದ್ದಿ ಹಬ್ಬಿದ ವಾರದೊಳಗೆ ಪಂಚಾಯ್ತಿಗೂ ಮೀನುಗಾರರ ಸೊಸೈಟಿಗೂ ತರತರದ ಸಲಹೆ ಬರುತ್ತವೆ. ಒಬ್ಬರು ಬ್ಯಾಕ್ಟೀರಿಯಾ ಪುಡಿ ಎರಚಿ ಅನ್ನುತ್ತಾರೆ. ಇನ್ನೊಬ್ಬರು ಯೂರಿಯಾ ಹಾಕಿ, ಮತ್ತೊಬ್ಬರು ಜೆಸಿಬಿ ತರಿಸಿ ಮರಳನ್ನೇ ಎತ್ತಿಸಿ ಅನ್ನುತ್ತಾರೆ. ಸುಮ್ಮನಿರಿ, ಮಳೆಗಾಲ ಬಂದರೆ ಎಲ್ಲ ತೊಳೆದುಹೋಗುತ್ತದೆ ಅನ್ನುವವರೂ ಇದ್ದಾರೆ. ಈ ಮಾತುಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಜಾಗವಿದೆ. ಜಾಗ ತಪ್ಪಿದರೆ ಎಣ್ಣೆಗಿಂತ ಉಪಚಾರವೇ ಹೆಚ್ಚು ಹಾನಿ ಮಾಡುತ್ತದೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ನಮ್ಮಲ್ಲಿ ಈಗಾಗಲೇ ಇವೆ: ಕಾರವಾರದ ಬೈತಖೋಲ ಧಕ್ಕೆಯ ಕೆಸರಿನಲ್ಲಿ, ಪಕ್ಕದ ಮಾಜಾಳಿಯ ಮರಳಿನಲ್ಲಿ, ಅರಬ್ಬಿ ಸಮುದ್ರದ ಸಾವಿರ ಮೀಟರ್ ಆಳದ ಹೂಳಿನಲ್ಲಿ. ಎಣ್ಣೆ ಬೀಳುವ ಮೊದಲು ಲೆಕ್ಕಕ್ಕೇ ಸಿಗದಷ್ಟು ವಿರಳವಾಗಿದ್ದವು, ಬಿದ್ದ ಕೆಲವು ದಿನಗಳಲ್ಲಿ ಅಲ್ಲಿನ ಸೂಕ್ಷ್ಮಾಣು ಸಮುದಾಯದ ದೊಡ್ಡ ಪಾಲಾಗುತ್ತವೆ. ಆದ್ದರಿಂದ ಯಾವ ಬ್ಯಾಕ್ಟೀರಿಯಾ ತರಬೇಕು ಎಂದು ಹುಡುಕುವ ಮೊದಲು, ಇರುವವಕ್ಕೆ ಏನು ಕೊರತೆ ಎಂದು ಕೇಳಿ. ಉಸಿರಾಡಲು ಆಮ್ಲಜನಕವೋ, ಬೆಳೆಯಲು ಸಾರಜನಕ-ರಂಜಕವೋ, ಎಣ್ಣೆಯನ್ನು ಮುಟ್ಟಲು ಸಾಕಷ್ಟು ಮೇಲ್ಮೈಯೋ? ಕೊರತೆ ನೀಗಿಸುವ ದಾರಿಯನ್ನು ಆರಿಸಿ. ನೀಗಿಸಲು ಸಾಧ್ಯವೇ ಇಲ್ಲದ ಕಡೆ ಕೈ ಹಾಕಬೇಡಿ.

ಮೊದಲು ಎಣ್ಣೆ ಯಾವುದು ನೋಡಿ

ಟ್ರಾಲರ್‌ನಿಂದ ಸೋರಿದ ಡೀಸೆಲ್‌ಗೂ ಹಡಗಿನ ದಪ್ಪ ಇಂಧನವಾದ ಫರ್ನೇಸ್ ಎಣ್ಣೆಗೂ ಒಂದೇ ಉಪಾಯ ನಡೆಯುವುದಿಲ್ಲ. ನಮ್ಮ ಬಿಸಿಲಿಗೆ ಡೀಸೆಲ್‌ನ ಗಣನೀಯ ಭಾಗ ಒಂದೆರಡು ದಿನದಲ್ಲಿ ಆವಿಯಾಗುತ್ತದೆ. ಉಳಿದದ್ದರಲ್ಲಿ ನೇರ ಸರಪಳಿಯ ಆಲ್ಕೇನ್‌ಗಳು (ಇಂಗಾಲ-ಜಲಜನಕದ ಸರಪಳಿಯಂಥ ಅಣುಗಳು) ಸಾಕಷ್ಟಿರುತ್ತವೆ, ಅವು ಬ್ಯಾಕ್ಟೀರಿಯಾಕ್ಕೆ ಸುಲಭದ ಆಹಾರ. ಡೀಸೆಲ್‌ನಿಂದ ಮೀನು-ಸಿಗಡಿಗೆ ಅಪಾಯ ಮೊದಲ ದಿನಗಳಲ್ಲಿ ಜಾಸ್ತಿ, ಆಮೇಲೆ ಬೇಗ ಇಳಿಯುತ್ತದೆ. ತೆರೆದ ಕರಾವಳಿಯಲ್ಲಿ ಡೀಸೆಲ್ ಬಿದ್ದರೆ ಬಹುತೇಕ ಸಲ ಸುಮ್ಮನೆ ಬಿಟ್ಟು ಕಣ್ಣಿಡುವುದೇ ಸಾಕು.

ಫರ್ನೇಸ್ ಎಣ್ಣೆಯ ಸಂಗತಿ ಬೇರೆ. 2006ರ ಮೇ 30ರಂದು ಓಷನ್ ಸೆರಾಯಾ ಹಡಗು ಕಾರವಾರದ ಹೊರಗಿನ ಬಂಡೆಗೆ ಸಿಕ್ಕಿ, ಮಳೆಗಾಲದ ಅಲೆಗಳಿಗೆ ಒಡೆದು, ಅದರ ಎಣ್ಣೆ ಕಾರವಾರದ ದಂಡೆಗೂ ದಕ್ಷಿಣ ಗೋವಾದ ದಂಡೆಗೂ ಬಂದಿತ್ತು. 2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ ಟ್ಯಾಂಕುಗಳಲ್ಲಿ ಸುಮಾರು 367 ಟನ್ ಫರ್ನೇಸ್ ಎಣ್ಣೆ ಮತ್ತು 84 ಟನ್ ಡೀಸೆಲ್ ಇತ್ತು. ಫರ್ನೇಸ್ ಎಣ್ಣೆಯಲ್ಲಿ ರಾಳ ಮತ್ತು ಆಸ್ಫಾಲ್ಟೀನ್ ಪಾಲು ದೊಡ್ಡದು. ಡಾಂಬರಿಗೆ ಗಟ್ಟಿತನ ಕೊಡುವ ಆ ಭಾಗವನ್ನು ಯಾವ ಸೂಕ್ಷ್ಮಾಣುವೂ ಮನುಷ್ಯರು ಕಾಯಬಲ್ಲಷ್ಟು ಕಾಲದಲ್ಲಿ ತಿಂದು ಮುಗಿಸುವುದಿಲ್ಲ.

ತಿನ್ನುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ನೇರ ಆಲ್ಕೇನ್, ಆಮೇಲೆ ಕವಲೊಡೆದ ಆಲ್ಕೇನ್ ಮತ್ತು ಒಂದೆರಡು ಉಂಗುರದ ಆರೊಮ್ಯಾಟಿಕ್ (ಇಂಗಾಲದ ಉಂಗುರವಿರುವ ಅಣುಗಳು), ಅನಂತರ ಮೂರು-ನಾಲ್ಕು ಉಂಗುರದವು, ಕೊನೆಗೆ ರಾಳ. ಒಂದೇ ಜಾತಿ ಇದೆಲ್ಲವನ್ನೂ ಮಾಡುವುದಿಲ್ಲ. 1998ರಲ್ಲಿ ಹೆಸರು ಪಡೆದ ಆಲ್ಕನಿವೊರಾಕ್ಸ್ ಬೋರ್ಕುಮೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಆಲ್ಕೇನ್ ತಿನ್ನುತ್ತದೆ, ಜೊತೆಗೆ ಸಾಬೂನಿನಂಥ ವಸ್ತು ಬಿಟ್ಟು ಎಣ್ಣೆಯನ್ನು ಹನಿಹನಿ ಮಾಡುತ್ತದೆ. ಉಂಗುರದ ಸಂಯುಕ್ತಗಳನ್ನು ಒಡೆಯುವುದು ಸೈಕ್ಲೋಕ್ಲಾಸ್ಟಿಕಸ್‌ನಂಥವು. ಅರ್ಧ ತಿಂದು ಬಿಟ್ಟ ಆಮ್ಲ, ಆಲ್ಕೋಹಾಲುಗಳನ್ನು ಮುಗಿಸಲು ಎಣ್ಣೆಯನ್ನು ಮುಟ್ಟದ ಇನ್ನೆಷ್ಟೋ ಜಾತಿ ಬೇಕು. ಕೆಲಸ ಸಮುದಾಯದ್ದು ಎಂದು ಒತ್ತಿ ಹೇಳುವುದು ಇದಕ್ಕೇ. ಒಂದು ಜಾತಿಯನ್ನು ಡಬ್ಬಿಯಲ್ಲಿ ತಂದು ಸುರಿದರೆ ಈ ಸರಪಳಿ ತಯಾರಾಗುವುದಿಲ್ಲ.

ಉಸಿರಿನ ಲೆಕ್ಕ

ಎಲ್ಲ ಆಯ್ಕೆಗಳ ಬುಡದಲ್ಲಿ ಇರುವ ಲೆಕ್ಕ ಇದು. 1 ಗ್ರಾಂ ಎಣ್ಣೆ ಪೂರ್ತಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3.4 ಗ್ರಾಂ ಆಮ್ಲಜನಕ ಬೇಕು. ನಮ್ಮ ಬೆಚ್ಚನೆಯ ಕಡಲನೀರಿನ ಒಂದು ಲೀಟರಿನಲ್ಲಿ ಕರಗಿರುವುದು 6ರಿಂದ 6.5 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಗ್ರಾಂ ಎಣ್ಣೆಗೆ ಐನೂರು ಲೀಟರಿಗಿಂತ ಹೆಚ್ಚು ನೀರಿನ ಆಮ್ಲಜನಕ.

ಆಮ್ಲಜನಕ ಸಿಗದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸಲ್ಫೇಟನ್ನು ಉಸಿರಾಡುತ್ತವೆ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. 1 ಗ್ರಾಂ ಎಣ್ಣೆಗೆ ಬೇಕಾದದ್ದು ಸುಮಾರು 5.1 ಗ್ರಾಂ, ಎರಡು ಲೀಟರ್ ನೀರು ಸಾಕು. ದಾಸ್ತಾನು ಇಷ್ಟು ದೊಡ್ಡದಿದ್ದರೂ ಈ ದಾರಿ ತುಂಬ ನಿಧಾನ. ಆಮ್ಲಜನಕವಿಲ್ಲದೆ ಎಣ್ಣೆಯ ಅಣುವನ್ನು ಬಿಡಿಸಲು ಡಿಸಲ್ಫೊಸಾರ್ಸಿನಾದಂಥ ಬ್ಯಾಕ್ಟೀರಿಯಾಗಳು ಮೊದಲು ಅದಕ್ಕೆ ಫ್ಯೂಮರೇಟ್ ಎಂಬ ಇನ್ನೊಂದು ಅಣುವನ್ನು ಜೋಡಿಸಬೇಕಾಗುತ್ತದೆ. ಜೊತೆಗೆ, ಪ್ರತಿ ಗ್ರಾಂ ಎಣ್ಣೆಗೆ ಸುಮಾರು 1.8 ಗ್ರಾಂ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಬಳಚಿಗೆ (ಚಿಪ್ಪುಮೀನಿಗೆ) ವಿಷ. ನಮ್ಮ ನದಿಗಳು ತರುವ ಕಬ್ಬಿಣದಂಶದ ಮಣ್ಣು ಇದರಲ್ಲಿ ಒಂದಷ್ಟನ್ನು ಹಿಡಿದು ಕಪ್ಪು ಕಬ್ಬಿಣದ ಸಲ್ಫೈಡ್ ಮಾಡಿಬಿಡುತ್ತದೆ. ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕೆಸರು ಕಪ್ಪಗಿದ್ದ ಮಾತ್ರಕ್ಕೆ ಎಣ್ಣೆ ಸೇರಿದೆ ಎಂದು ಹೆದರಬೇಡಿ. ಎಣ್ಣೆಯಾದರೆ ನೀರಿಗೆ ಹಾಕಿ ಕಲಕಿದಾಗ ಒಡೆಯದೆ ಹರಿಯುವ ಬಣ್ಣದ ಪೊರೆ ಏಳುತ್ತದೆ. ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ ಕಡ್ಡಿ ಮುಟ್ಟಿಸಿದರೆ ಚೂರುಚೂರಾಗುತ್ತದೆ.

ಮರಳ ದಂಡೆ: ಕೈ, ಅಲೆ, ಗೊಬ್ಬರ

ಮರಳಿನಲ್ಲಿ ಭರತಿ-ಇಳಿತದ ನೀರು ದಿನಕ್ಕೆರಡು ಬಾರಿ ಒಳಗೆ ಹೋಗಿ ಹೊರಗೆ ಬರುತ್ತದೆ. ಆಮ್ಲಜನಕದ ಕೊರತೆ ಇಲ್ಲಿ ಕಡಿಮೆ, ಕೊರತೆ ಇರುವುದು ಮೇಲ್ಮೈಗೆ. ಬೆಲ್ಲದ ಅಚ್ಚಿಗೆ ಮುತ್ತಿದ ಇರುವೆಗಳ ಹಾಗೆ ಬ್ಯಾಕ್ಟೀರಿಯಾ ಡಾಂಬರು ಉಂಡೆಯನ್ನು ಹೊರಗಿನಿಂದ ಮಾತ್ರ ತಿನ್ನಬಲ್ಲವು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ತೈಲ ಬಾವಿ ಸ್ಫೋಟಗೊಂಡ ಡೀಪ್‌ವಾಟರ್ ಹೊರೈಜನ್ ದುರಂತದ ನಂತರ ಫ್ಲೋರಿಡಾದ ಪೆನ್ಸಕೋಲಾ ದಂಡೆಯಲ್ಲಿ ಅಳೆದು ನೋಡಿದಾಗ, ಮರಳಿನಲ್ಲಿ ತೆಳುವಾಗಿ ಹರಡಿದ್ದ ಎಣ್ಣೆ ಸುಮಾರು ಒಂದು ವರ್ಷದಲ್ಲಿ ಕರಗಿತ್ತು. ಗಾಲ್ಫ್ ಚೆಂಡಿನಷ್ಟು ದೊಡ್ಡ ಎಣ್ಣೆ-ಮರಳಿನ ಉಂಡೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕು ಎಂಬ ಲೆಕ್ಕ ಸಿಕ್ಕಿತು. ಹಾಗಾಗಿ ಮರಳಿಗೆ ನಮ್ಮ ಸಲಹೆ ಸ್ಪಷ್ಟ: ಉಂಡೆಯನ್ನು ಕೈಯಿಂದ ಎತ್ತಿ, ಮರಳ ಕಣಕ್ಕೆ ಅಂಟಿದ್ದನ್ನು ಬ್ಯಾಕ್ಟೀರಿಯಾಕ್ಕೆ ಬಿಡಿ.

ಎತ್ತುವುದು ಬೆಳಗಿನ ಇಳಿತದಲ್ಲಿ. ಮೇ ತಿಂಗಳ ಮಧ್ಯಾಹ್ನಕ್ಕೆ ಉಂಡೆ ಕರಗಿ ಮರಳಿಗೆ ಇಳಿಯುತ್ತದೆ, ಆಮೇಲೆ ಒಂದು ಕಿಲೋ ಎಣ್ಣೆಗೆ ಹತ್ತು ಕಿಲೋ ಮರಳು ಎತ್ತಬೇಕಾದೀತು. ಹಲ್ಲಿನ ಗೋರೆ, ಐದಾರು ಮಿಲಿಮೀಟರ್ ಕಣ್ಣಿನ ಜರಡಿ, ಒಳಗೆ ಪ್ಲಾಸ್ಟಿಕ್ ಹಾಕಿದ ಗೋಣಿಚೀಲ ಸಾಕು. ಚೀಲಕ್ಕೆ 10 ಕಿಲೋ ಮೀರಿ ತುಂಬಬೇಡಿ, ಹರಿದು ದಾರಿಯುದ್ದಕ್ಕೂ ಸೋರುತ್ತದೆ. ಕೈಗೆ ನೈಟ್ರೈಲ್ ಗವಸು ಇರಲಿ. ಹತ್ತಿದ ಎಣ್ಣೆಯನ್ನು ಸೀಮೆಎಣ್ಣೆಯಿಂದ ಒರೆಸದೆ ಕೊಬ್ಬರಿ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಿರಿ. ಜೆಸಿಬಿ ಬೇಡವೇ ಬೇಡ. ಅದರ ಚಕ್ರ ಎಣ್ಣೆಯನ್ನು ಅರ್ಧ ಮೀಟರ್ ಕೆಳಗೆ ಒತ್ತುತ್ತದೆ. ಮೇಲಾಗಿ ದಂಡೆಯ ಮರಳು ಹೋದರೆ ಮುಂದಿನ ಮಳೆಗಾಲದ ಕೊರೆತಕ್ಕೆ ತಡೆಯೇ ಇರುವುದಿಲ್ಲ.

ಕಲೆ ಉಳಿದ ಮರಳನ್ನು ಭರತಿ ಮುಟ್ಟುವ ಪಟ್ಟಿಯಲ್ಲಿ ಮಾತ್ರ ವಾರಕ್ಕೆರಡು ಸಲ 15ರಿಂದ 20 ಸೆಂಟಿಮೀಟರ್ ಆಳಕ್ಕೆ ಕೆದಕಬಹುದು. ಭರತಿಯ ಗೆರೆಯ ಮೇಲ್ಗಡೆ ಮುಟ್ಟಬೇಡಿ. ಕಾರವಾರ, ಹೊನ್ನಾವರದ ದಂಡೆಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲೆ ಕಡಲಾಮೆಗಳ ಗೂಡುಗಳಿರುತ್ತವೆ. ಅರಣ್ಯ ಇಲಾಖೆಯವರನ್ನು ಕರೆದು ಗೂಡು ಗುರುತಿಸಿಕೊಂಡ ನಂತರವೇ ಗೋರೆ ಹಿಡಿಯಿರಿ.

ಮಳೆಗಾಲ ತೊಳೆಯುತ್ತದೆ ಎಂಬ ಮಾತು ಅರ್ಧ ಸತ್ಯ. ಜೂನ್-ಜುಲೈ ಅಲೆಗಳು ಮರಳನ್ನು ಕಿತ್ತು ಉಜ್ಜಿ ತೊಳೆಯುತ್ತವೆ, ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಸೆಪ್ಟೆಂಬರ್ ನಂತರ ಮರಳು ದಂಡೆಗೆ ಮರಳಿ ಬಂದು ಕೂರುವಾಗ ಎಣ್ಣೆಯ ಪದರವನ್ನು ಹೂತುಹಾಕುತ್ತದೆ. ಅಕ್ಟೋಬರ್‌ನಲ್ಲಿ ದಂಡೆಗೆ ಅಡ್ಡಲಾಗಿ ಐವತ್ತು ಮೀಟರಿಗೊಂದರಂತೆ ಒಂದು ಮೀಟರ್ ಆಳದ ಗುಂಡಿ ತೆಗೆದು ಗೋಡೆಯಲ್ಲಿ ಕಪ್ಪು ಗೆರೆ ಇದೆಯೇ ನೋಡಿ.

ಇನ್ನು ಗೊಬ್ಬರ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಬಿದ್ದಾಗ ಇನಿಪೋಲ್ ಮತ್ತು ಕಸ್ಟಮ್‌ಬ್ಲೆನ್ ಎಂಬ ಗೊಬ್ಬರಗಳನ್ನು ಸಿಂಪಡಿಸಿದರು. ಕೊಳೆಯುವ ವೇಗ ಎರಡರಿಂದ ಐದು ಪಟ್ಟು ಏರಿತು. ಅಲ್ಲಿಯ ನೀರು ಬಡ ನೀರು, ಸಾರಜನಕ ತೀರಾ ಕಡಿಮೆ. 1994ರಲ್ಲಿ ಅಮೆರಿಕದ ಡೆಲವೇರ್‌ನ ಫೌಲರ್ ಬೀಚಿನಲ್ಲಿ ಇದನ್ನೇ ಅಚ್ಚುಕಟ್ಟಾಗಿ ಪರೀಕ್ಷಿಸಿದಾಗ ಗೊಬ್ಬರದಿಂದ ಆದ ಲಾಭ ಅಲ್ಪ. ಮರಳಿನೊಳಗಿನ ನೀರಿನಲ್ಲಿ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಸಾರಜನಕ ಮೊದಲೇ ಇತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಬಾಯಿಯ ಅಕ್ಕಪಕ್ಕದ ದಂಡೆಗಳು ಅಲಾಸ್ಕಾಕ್ಕಿಂತ ಡೆಲವೇರ್‌ಗೆ ಹತ್ತಿರ.

ಅಳೆಯದೆ ಹಾಕಬೇಡಿ. ಇಳಿತದಲ್ಲಿ ಮರಳಿನಲ್ಲಿ ಗುಂಡಿ ತೋಡಿ, ತಳದಲ್ಲಿ ಒಸರಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಸಿಗಡಿ ಕೆರೆಗೆ ಬಳಸುವ ಉಪ್ಪುನೀರಿನ ನೈಟ್ರೇಟ್ ಕಿಟ್‌ನಲ್ಲಿ ನೋಡಿ. ಕಿಟ್ ನೈಟ್ರೇಟ್ ಎಂದು ತೋರಿಸಿದರೆ 4.4ರಿಂದ ಭಾಗಿಸಿದಾಗ ಸಾರಜನಕದ ಅಂಕಿ ಬರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಮೀರಿದ್ದರೆ ಗೊಬ್ಬರ ಬೇಡ. ಕಡಿಮೆ ಇದ್ದರೆ 2ರಿಂದ 10ರ ನಡುವೆ ಇಟ್ಟುಕೊಳ್ಳುವುದು ಗುರಿ.

ಪ್ರಮಾಣ ಎಷ್ಟು? 100 ಮೀಟರ್ ಉದ್ದ, 5 ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಪಟ್ಟಿ ಎಂದರೆ 150 ಘನ ಮೀಟರ್ ಮರಳು. ಅದರ ಸಂದುಗಳಲ್ಲಿ ನೂರಕ್ಕೆ 40ರಂತೆ 60,000 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 5 ಮಿಲಿಗ್ರಾಂ ಬೇಕಾದರೆ 300 ಗ್ರಾಂ ಸಾರಜನಕ, ಅಂದರೆ ಹನಿ ನೀರಾವರಿಗೆ ಮಾರುವ ಕ್ಯಾಲ್ಸಿಯಂ ನೈಟ್ರೇಟ್ ಸುಮಾರು 2 ಕಿಲೋ. ಭರತಿ ಅದನ್ನು ತೊಳೆದೊಯ್ಯುವುದರಿಂದ ಪ್ರತಿ ಇಳಿತಕ್ಕೂ ಹಾಕಬೇಕಾಗಬಹುದು. ಇಷ್ಟು ಸಣ್ಣ ಪ್ರಮಾಣವನ್ನು ದಿನಾ ಹಾಕುವುದಕ್ಕೂ ಒಂದೇ ಸಲ ಹತ್ತು ಮೂಟೆ ಸುರಿಯುವುದಕ್ಕೂ ಅಜಗಜಾಂತರ. ಮೂಟೆ ಸುರಿದರೆ ಮೊದಲ ಭರತಿಗೇ ಮುಕ್ಕಾಲು ಪಾಲು ಕಡಲಿಗೆ ಹೋಗಿ ಪಾಚಿ ಬೆಳೆಸುತ್ತದೆ.

ಇಡೀ ಕೆಲಸಕ್ಕೆ ಎಷ್ಟು ತರಿಸಿಡಬೇಕು ಎಂದು ತಿಳಿಯಲು ಇಂಗಾಲ, ಸಾರಜನಕ, ರಂಜಕ 100:10:1 ಅನುಪಾತ ಹಿಡಿಯಿರಿ. ಮೇಲಿನ ಪಟ್ಟಿಯಲ್ಲಿ ಕಿಲೋ ಮರಳಿಗೆ 2 ಗ್ರಾಂ ಎಣ್ಣೆ ಇದ್ದರೆ ಒಟ್ಟು 480 ಕಿಲೋ ಎಣ್ಣೆ, ಅದರಲ್ಲಿ ಇಂಗಾಲ ಸುಮಾರು 410 ಕಿಲೋ. ಸಾರಜನಕ 41 ಕಿಲೋ, ರಂಜಕ 4 ಕಿಲೋ ಬೇಕು. ಡಿಎಪಿ ಗೊಬ್ಬರದಲ್ಲಿ ನೂರಕ್ಕೆ 20ರಷ್ಟು ರಂಜಕ ಇರುವುದರಿಂದ ರಂಜಕಕ್ಕೆ 20 ಕಿಲೋ ಡಿಎಪಿ ಸಾಕು. ಕ್ಯಾಲ್ಸಿಯಂ ನೈಟ್ರೇಟನ್ನೂ ಡಿಎಪಿಯನ್ನೂ ಒಂದೇ ಬಕೆಟ್ಟಿನಲ್ಲಿ ಕರಗಿಸಬೇಡಿ, ರಂಜಕ ಸುಣ್ಣದ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಯೂರಿಯಾ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೂ ನಾವು ಅದನ್ನು ಹಿಂದಿಡುತ್ತೇವೆ. ಅದು ಅಮೋನಿಯ ಆಗಿ ಒಡೆಯುತ್ತದೆ. ಕಡಲನೀರಿನ ಕ್ಷಾರಗುಣಕ್ಕೂ ನಮ್ಮ ಸೆಕೆಗೂ ಆ ಅಮೋನಿಯದ ನೂರಕ್ಕೆ ಐದಾರು ಪಾಲು ವಿಷದ ರೂಪದಲ್ಲೇ ಇರುತ್ತದೆ.

ಗಜನಿ, ಕಾಂಡ್ಲಾ, ಅಳಿವೆಯ ಕೆಸರು

ಇಲ್ಲಿ ಮರಳಿನ ಬುದ್ಧಿ ಬಳಸಿದವರು ವರ್ಷಗಟ್ಟಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಕೆಲವೇ ಮಿಲಿಮೀಟರ್. ಅದಕ್ಕಿಂತ ಕೆಳಗೆ ಗಾಳಿ ಹೋಗುವುದು ಏಡಿಯ ಬಿಲಗಳಿಂದ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನಿಂದ. ಒಬ್ಬ ಮನುಷ್ಯ ಕೆಸರಿಗೆ ಇಳಿದು ನಡೆದರೆ ಪ್ರತಿ ಹೆಜ್ಜೆಗೂ ಮೇಲಿನ ಎಣ್ಣೆ ಮೊಣಕಾಲಿನ ಆಳಕ್ಕೆ ಹೋಗುತ್ತದೆ, ಬಿಲ ಮುಚ್ಚುತ್ತದೆ. ಅಲ್ಲಿಗೆ ಹೋದ ಎಣ್ಣೆಗೆ ಆಮ್ಲಜನಕವೂ ಇಲ್ಲ, ಅಲೆಯೂ ಇಲ್ಲ.

ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಎಣ್ಣೆ ಒಳಬರುವ ಮೊದಲಿನದು. ಗಜನಿ ಒಡ್ಡಿನ ತೂಬಿಗೆ ಹಲಗೆ ಇಳಿಸಿ ಭರತಿಯನ್ನು ತಡೆಯಿರಿ. ನೀರು ಒಳಬರುವ ಕೋಡಿಗೆ ಬೂಮ್ (ಎಣ್ಣೆ ತಡೆಯುವ ತೇಲುವ ಬೇಲಿ) ಕಟ್ಟುವುದಾದರೆ ಅಡ್ಡಕ್ಕೆ ನೇರವಾಗಿ ಕಟ್ಟಬೇಡಿ. ನೀರಿನ ಓಟ 0.7 ನಾಟ್, ಅಂದರೆ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ದಾಟಿದರೆ ಎಣ್ಣೆ ಬೂಮಿನ ಕೆಳಗೆ ನುಸುಳುತ್ತದೆ. ಅಳಿವೆಯ ಕೋಡಿಗಳಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಭರತಿಗೆ ಇದಕ್ಕಿಂತ ಜೋರು ಓಟ ಇರುತ್ತದೆ. ಓರೆಯಾಗಿ ಕಟ್ಟಿ ಎಣ್ಣೆಯನ್ನು ಓಟ ಕಡಿಮೆ ಇರುವ ಒಂದು ದಂಡೆಗೆ ತಿರುಗಿಸಿ, ಅಲ್ಲಿಂದ ಬಳಿದು ತೆಗೆಯಿರಿ.

ಒಳಗೆ ಬಂದೇಬಿಟ್ಟರೆ ದೋಣಿಯ ಮೇಲಿಂದಲೇ ಕೆಲಸ. ಇಳಿತ ಶುರುವಾದಾಗ ಸಣ್ಣ ಪಂಪಿನಲ್ಲಿ ಅಲ್ಲಿಯದೇ ಉಪ್ಪುನೀರನ್ನು ಮೆಲ್ಲಗೆ ಹಾಯಿಸಿ ಎಣ್ಣೆಯನ್ನು ಹೊರದಾರಿಗೆ ತಳ್ಳಬಹುದು. ಜೋರು ಒತ್ತಡದ ಬಿಸಿನೀರು ಅಲಾಸ್ಕಾದ ಕಲ್ಲುದಂಡೆಯಲ್ಲೇ ಜೀವಿಗಳನ್ನು ಸಾಯಿಸಿತು, ಕೆಸರಿನಲ್ಲಿ ಕೇಳುವುದೇ ಬೇಡ. ಹುಲ್ಲು, ತೆಂಗಿನ ನಾರು ಹರಡುವವರು ಬಲೆಯ ಚೀಲದಲ್ಲಿ ತುಂಬಿ ಹಾಕಿ, ಎಣ್ಣೆ ಹೀರಿದ ಕೂಡಲೇ ಎತ್ತಬೇಕು. ಬಿಡಿಯಾಗಿ ಎಸೆದರೆ ಮುಳುಗಿ, ಕೊಳೆತು, ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ಇಷ್ಟಾದ ಮೇಲೆ ಕೆಸರಿನಲ್ಲಿ ಉಳಿದದ್ದನ್ನು ಬಿಟ್ಟುಬಿಡಿ. ಗೊಬ್ಬರ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಕೊರತೆ ಸಾರಜನಕದ್ದಲ್ಲ. ಹಾಕಿದರೆ ಪಾಚಿ ಬೆಳೆದು, ಸತ್ತು, ಕೊಳೆತು, ಇನ್ನಷ್ಟು ಸಲ್ಫೈಡ್ ಏಳುತ್ತದೆ. ಉಳುವುದು, ಅಗೆಯುವುದು ಇನ್ನೂ ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ನೀರು ಸಿಹಿಯಾಗುವುದರಿಂದ ಸಲ್ಫೇಟ್ ಕೂಡ ಕಡಿಮೆಯಾಗುತ್ತದೆ. ಆ ನಾಲ್ಕು ತಿಂಗಳು ತಳದ ಕೆಲಸ ಕುಂಟುತ್ತದೆ ಎಂದು ಮೊದಲೇ ಲೆಕ್ಕ ಹಿಡಿದಿರಿ. ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ. ಅಲ್ಲಿ ಬಳಚು ತೆಗೆದು ಬದುಕುವ ಮನೆಗಳಿಗೆ ಇದು ನೇರ ಹೊಟ್ಟೆಯ ವಿಷಯ. ಮೀನುಗಳು ಉಂಗುರದ ಸಂಯುಕ್ತಗಳನ್ನು ಬೇಗ ಒಡೆಯುತ್ತವೆ, ಬಳಚು, ಕಲ್ವಗಳು ಹಾಗೆ ಒಡೆಯಲಾರವು, ಮೈಯಲ್ಲೇ ಕೂಡಿಡುತ್ತವೆ. ಪ್ರಯೋಗಾಲಯದ ವರದಿ ಬರುವವರೆಗೆ ಬಳಚು ತೆಗೆಯುವುದನ್ನು ನಿಲ್ಲಿಸಿ, ನಿಂತ ದಿನಗಳ ಪರಿಹಾರವನ್ನು ಶುಚಿ ಕೆಲಸದ ಖರ್ಚಿನಲ್ಲೇ ಸೇರಿಸಿ ಕೇಳಬೇಕು. ಪರಿಹಾರವಿಲ್ಲದ ನಿಷೇಧ ಒಂದು ವಾರವೂ ನಿಲ್ಲುವುದಿಲ್ಲ.

ಡಬ್ಬಿಯ ಬ್ಯಾಕ್ಟೀರಿಯಾ

ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರು ರೂಪಿಸಿದ ಎಣ್ಣೆ ತಿನ್ನುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದು 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೀವಿಗಳ ಪೇಟೆಂಟಿಗೆ ಅದು ದಾರಿ ತೆರೆಯಿತು. ತೆರೆದ ಕಡಲಿನ ಎಣ್ಣೆ ಮಾತ್ರ ಆ ಬ್ಯಾಕ್ಟೀರಿಯಾದಿಂದ ಹೋಗಲಿಲ್ಲ. ಡೆಲವೇರ್ ಪರೀಕ್ಷೆಯಲ್ಲೂ ಗೊಬ್ಬರದ ಜೊತೆ ಬ್ಯಾಕ್ಟೀರಿಯಾ ಸೇರಿಸಿದ ತುಂಡಿಗೂ ಬರೀ ಗೊಬ್ಬರದ ತುಂಡಿಗೂ ವ್ಯತ್ಯಾಸ ಕಾಣಲಿಲ್ಲ. ಹೊರಗಿನಿಂದ ಬಂದವನ್ನು ಅಲ್ಲಿಯ ಏಕಕೋಶ ಜೀವಿಗಳು ತಿನ್ನುತ್ತವೆ, ಭರತಿ ತೊಳೆಯುತ್ತದೆ, ಜುಲೈಯಲ್ಲಿ ಉಪ್ಪು ಇಳಿದರೆ ಕಡಲ ಜಾತಿಗಳು ಸೊರಗುತ್ತವೆ, ಮಾರ್ಚಿನಲ್ಲಿ ಉಪ್ಪು ಏರಿದರೆ ನೆಲದ ಜಾತಿಗಳು ಸಾಯುತ್ತವೆ.

ಇದು ಹೊಂದುವ ಒಂದು ಜಾಗ ಇದೆ: ದಂಡೆಯಿಂದ ಎತ್ತಿ ತಂದ ಎಣ್ಣೆಮರಳು, ಬೋಟಿನ ತಳದಲ್ಲಿ ಸೇರುವ ಎಣ್ಣೆನೀರಿನ (ಬಿಲ್ಜ್) ಗಸಿ. ಟೇರಿ ಎಂಬ ಸಂಶೋಧನಾ ಸಂಸ್ಥೆಯ ಬ್ಯಾಕ್ಟೀರಿಯಾ ಮಿಶ್ರಣ ಆಯಿಲ್‌ಜ್ಯಾಪರ್ ಕೂಡ ಹೆಸರು ಮಾಡಿದ್ದು ನೆಲದ ಮೇಲಿನ ತೈಲ ಗಸಿಯಲ್ಲಿ. ಭರತಿ ಮುಟ್ಟದ ಎತ್ತರದಲ್ಲಿ ದಪ್ಪ ಶೀಟು ಹಾಸಿ, ಒಂದರಿಂದ ಒಂದೂವರೆ ಮೀಟರ್ ಎತ್ತರದ ಉದ್ದ ರಾಶಿ ಮಾಡಿ, ತೆಂಗಿನ ನಾರಿನ ಪುಡಿ ಸೇರಿಸಿ ಹಗುರಾಗಿಸಿ, ಮೇಲಿನ ಅನುಪಾತದಲ್ಲಿ ಗೊಬ್ಬರ ಹಾಕಿ ವಾರಕ್ಕೊಮ್ಮೆ ಮಗುಚಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎಣ್ಣೆ ನೂರಕ್ಕೆ 5 ಮೀರಿದ್ದರೆ ಬ್ಯಾಕ್ಟೀರಿಯಾಕ್ಕೇ ವಿಷವಾಗುತ್ತದೆ, ಶುದ್ಧ ಮರಳು ಬೆರೆಸಿ ಇಳಿಸಿ. ಜೂನ್‌ಗೆ ಮೊದಲು ಮೇಲೆ ಸೂರು ಬೇಕೇ ಬೇಕು.

ಮಾರಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಬ್ಯಾಕ್ಟೀರಿಯಾ ಸಾಯಿಸಿದ ಅದೇ ಡಬ್ಬಿಯ ಮಾಲನ್ನು ಪಕ್ಕದಲ್ಲಿಟ್ಟು ಪರೀಕ್ಷಿಸಿದ್ದೀರಾ? ಎಷ್ಟೋ ಸಲ ಡಬ್ಬಿಯಲ್ಲಿರುವ ಗೊಬ್ಬರವೇ ಕೆಲಸ ಮಾಡಿರುತ್ತದೆ.

ಚದುರಿಸುವ ರಾಸಾಯನಿಕ

ತೇಲುವ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿಗೆ ಬೆರೆಸುವ ರಾಸಾಯನಿಕ ಇದು. ಪಂಚಾಯ್ತಿಯ ಕೈಯಲ್ಲಿರುವ ಆಯ್ಕೆಯೇ ಅಲ್ಲ. ಕೋಸ್ಟ್ ಗಾರ್ಡ್ ಅನುಮತಿ ಇಲ್ಲದೆ ಹಾಕುವಂತಿಲ್ಲ. ಆಳವಿಲ್ಲದ ನೀರು, ಅಳಿವೆ, ಕಾಂಡ್ಲಾ, ಸಿಗಡಿ ಕೃಷಿ ಕೆರೆಗಳ ಹತ್ತಿರ ಹಾಕಬಾರದು. ಎಣ್ಣೆ ಕಂಡರೆ 1554ಕ್ಕೆ ಕರೆ ಮಾಡಿ, ಅದು ಕೋಸ್ಟ್ ಗಾರ್ಡಿನ ಸಂಖ್ಯೆ.

ಆಳಸಮುದ್ರದ ಹೂಳು

ನಮ್ಮ ಎದುರಿನ ಕಡಲಲ್ಲಿ ತೈಲ ಬಾವಿಗಳಿಲ್ಲ. ಆಳಕ್ಕೆ ಎಣ್ಣೆ ಹೋದರೆ ಮುಳುಗಿದ ಹಡಗಿನಿಂದ, ಅಥವಾ ಮೇಲೆ ತೇಲಿದ ಎಣ್ಣೆ ಹೂಳು ಮತ್ತು ಪ್ಲವಕಗಳ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಲೋಳೆಗೆ ಅಂಟಿ ಭಾರವಾಗಿ ಇಳಿಯುವುದರಿಂದ. ಮಳೆಗಾಲದ ಕೆಂಪುನೀರು ಈ ಇಳಿತಕ್ಕೆ ಬೇಕಾದಷ್ಟು ಮಣ್ಣು ಒದಗಿಸುತ್ತದೆ.

ಆಳದ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮೆಕ್ಸಿಕೋ ಕೊಲ್ಲಿಯಿಂದ ಬಂದದ್ದು. 2010ರ ಏಪ್ರಿಲ್ 20ರಂದು ಸ್ಫೋಟವಾದ ಡೀಪ್‌ವಾಟರ್ ಹೊರೈಜನ್ ಬಾವಿಯ ಬಾಯಿ ಸುಮಾರು 1,500 ಮೀಟರ್ ಆಳದಲ್ಲಿತ್ತು, 87 ದಿನ ಸುರಿಯಿತು. ಸುಮಾರು 1,100 ಮೀಟರಿನಲ್ಲಿ ಎಣ್ಣೆ-ಅನಿಲದ ಮೋಡ ಹರಡಿತು. ಅಲ್ಲಿ ಮೊದಲು ಓಶನೊಸ್ಪಿರಿಲ್ಲೇಲ್ಸ್ ಎಂಬ ಬ್ಯಾಕ್ಟೀರಿಯಾ ಗುಂಪು ಮೇಲುಗೈ ಪಡೆದು, ಆಮೇಲೆ ಸೈಕ್ಲೋಕ್ಲಾಸ್ಟಿಕಸ್ ಮತ್ತು ಚಳಿಗೆ ಒಗ್ಗಿದ ಕೊಲ್ವೆಲಿಯಾ ಬಂದವು. ನಾಲ್ಕೈದು ಡಿಗ್ರಿ ಚಳಿಯಲ್ಲೂ ಕೆಲಸ ನಡೆಯಿತು. ಆದರೂ ತಳಕ್ಕೆ ಕೂತ ಎಣ್ಣೆಯ ಗುರುತು ಸುಮಾರು 3,200 ಚದರ ಕಿಲೋಮೀಟರ್ ಹೂಳಿನಲ್ಲಿ ಸಿಕ್ಕಿತು. ನೀರಿನಲ್ಲಿ ತೇಲುವಾಗ ತಿಂಗಳುಗಳಲ್ಲಿ ಮುಗಿಯುವುದು ಹೂಳಿಗೆ ಸೇರಿದ ಮೇಲೆ ವರ್ಷಗಳಿಗೆ ಎಳೆಯುತ್ತದೆ.

ಆ ಪಾಠವನ್ನು ಹಾಗೆಯೇ ಕಾರವಾರದ ಎದುರಿಗೆ ತಂದು ಹಚ್ಚಬೇಡಿ. ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಎಣ್ಣೆ ಸಹಜವಾಗಿ ಒಸರುವ ಜಾಗಗಳು ಬಹಳ, ಅಲ್ಲಿಯ ಸೂಕ್ಷ್ಮಾಣುಗಳು ಪಳಗಿದವು, ಆಳದ ನೀರಿನಲ್ಲಿ ಆಮ್ಲಜನಕವೂ ಚೆನ್ನಾಗಿದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್‌ವರೆಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಜಗತ್ತಿನಲ್ಲೇ ದೊಡ್ಡವೆನಿಸಿದ ಇಂಥ ಪದರಗಳಲ್ಲಿ ಇದೂ ಒಂದು. ಆ ಪದರ ತಗಲುವ ಇಳಿಜಾರಿನ ಹೂಳಿನಲ್ಲಿ ಎಣ್ಣೆ ಬಿದ್ದರೆ ನೈಟ್ರೇಟ್ ಮತ್ತು ಸಲ್ಫೇಟ್ ಉಸಿರಾಡುವ ನಿಧಾನದ ದಾರಿಯೇ ಗತಿ. ಇನ್ನೂ ಆಳಕ್ಕೆ, 2,000 ಮೀಟರಿಗೆ ಹೋದರೆ ಆಮ್ಲಜನಕ ಮತ್ತೆ ಸಿಗುತ್ತದೆ. ಇಲ್ಲಿ 2,000 ಮೀಟರಿಗಿಂತ 500 ಮೀಟರಿನ ಎಣ್ಣೆ ಹೆಚ್ಚು ಕಾಲ ಉಳಿಯುವ ಸಾಧ್ಯತೆ ಇದೆ. ಕರಾವಳಿಗೆ ಹತ್ತಿರದ ಆಳವಿಲ್ಲದ ತಳದಲ್ಲೂ ಮಳೆಗಾಲದಲ್ಲಿ ಕೆಳಗಿನ ನೀರು ಮೇಲೇರಿ, ಜುಲೈಯಿಂದ ಅಕ್ಟೋಬರ್‌ವರೆಗೆ ಆಮ್ಲಜನಕ ಕುಸಿಯುತ್ತದೆ. ಮೇ ಕೊನೆಗೆ ಮುಳುಗಿದ ಹಡಗಿನ ಎಣ್ಣೆ ತಳ ಸೇರುವುದು ಸರಿಯಾಗಿ ಈ ಕೆಟ್ಟ ಹೊತ್ತಿಗೆ.

ಆಯ್ಕೆಗಳೇನು? ಗೊಬ್ಬರ ಬೇಡ, ಆಳದ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ನೈಟ್ರೇಟ್ ಸಾರಜನಕ ಆಗಲೇ ಇದೆ. ಡಬ್ಬಿಯ ಬ್ಯಾಕ್ಟೀರಿಯಾ ನಮ್ಮ ಗಾಳಿಯೊತ್ತಡದ 150 ಪಟ್ಟು ಒತ್ತಡದಲ್ಲಿ, ಐದಾರು ಡಿಗ್ರಿಯಲ್ಲಿ ಬದುಕಿದರೂ ಬೆಳೆಯುವುದಿಲ್ಲ. ತಳವನ್ನು ಕೆರೆದು ತೆಗೆದರೆ ಎಣ್ಣೆ ಮತ್ತೆ ನೀರಿಗೆ ಏಳುತ್ತದೆ, ಆ ತಳದ ಹುಳು-ಹವಳಗಳು ಚೇತರಿಸಲು ದಶಕಗಳೇ ಬೇಕು. 2010ರಲ್ಲಿ ಒಟ್ಟು 70 ಲಕ್ಷ ಲೀಟರ್ ಚದುರಿಸುವ ರಾಸಾಯನಿಕ ಬಳಸಿ, ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು ಬಾವಿಯ ಬಾಯಿಗೇ ಬಿಟ್ಟರು. ಅದರಿಂದ ಎಣ್ಣೆ ತಿನ್ನುವವಕ್ಕೆ ಅನುಕೂಲವಾಯಿತೇ ಎಂಬುದು ಇನ್ನೂ ಚರ್ಚೆಯಲ್ಲಿದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾಸಾಯನಿಕವನ್ನೇ ತಿನ್ನುವ ಕೊಲ್ವೆಲಿಯಾ ಹೆಚ್ಚಿ, ಎಣ್ಣೆ ತಿನ್ನುವ ಮರೀನೊಬ್ಯಾಕ್ಟರ್ ಕುಗ್ಗಿತ್ತು.

ಉಳಿಯುವುದು ಎರಡೇ. ಮುಳುಗಿದ ಹಡಗಿನ ಟ್ಯಾಂಕಿನಿಂದ ಎಣ್ಣೆಯನ್ನು ಸೋರುವ ಮೊದಲೇ ಪಂಪ್ ಮಾಡಿ ತೆಗೆಸುವುದು, ಇದಕ್ಕೆ ಎಷ್ಟು ಒತ್ತಾಯ ಮಾಡಿದರೂ ಕಡಿಮೆ. ಹೂಳಿಗೆ ಸೇರಿದ್ದನ್ನು ಸೂಕ್ಷ್ಮಾಣುಗಳಿಗೆ ಬಿಟ್ಟು ಅಳೆಯುತ್ತ ಹೋಗುವುದು. ಆಳದಲ್ಲಿ ಸುಮ್ಮನೆ ಬಿಡುವುದು ಸೋಲಲ್ಲ, ಆದರೆ ಅಳೆಯದೆ ಬಿಟ್ಟರೆ ಅದಕ್ಕೆ ನಿರ್ಲಕ್ಷ್ಯ ಎಂದೇ ಹೆಸರು.

ಅಳೆಯುವುದು ಹೇಗೆ

ಹೂಳು ತೆಗೆಯಲು ಬಾಯಿ ಮುಚ್ಚುವ ಗ್ರ್ಯಾಬ್ ಬಳಸಿದರೆ ಮೇಲಿನ ತೆಳು ಪದರ ತೊಳೆದುಹೋಗುತ್ತದೆ. ನಮಗೆ ಬೇಕಾದದ್ದು ಆ ಪದರವೇ, ಹಾಗಾಗಿ ಕೊಳವೆಗಳ ಮಲ್ಟಿಕೋರರ್ ಕೇಳಿ. 0-1, 1-3, 3-5, 5-10 ಸೆಂಟಿಮೀಟರ್ ಎಂದು ಕತ್ತರಿಸಿ. ಎಣ್ಣೆಯ ಪರೀಕ್ಷೆಗೆ ಹೋಗುವುದು ಗಾಜಿನ ಬಾಟಲಿಯಲ್ಲಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಇಟ್ಟು, ಮೈನಸ್ 20 ಡಿಗ್ರಿಯಲ್ಲಿ. ಪ್ಲಾಸ್ಟಿಕ್ ಡಬ್ಬಿ ಎಣ್ಣೆಯನ್ನು ಹೀರುತ್ತದೆ, ತನ್ನದನ್ನೂ ಬಿಡುತ್ತದೆ. ಯಾವ ಬ್ಯಾಕ್ಟೀರಿಯಾ ಇವೆ ಎಂದು ನೋಡುವ ಡಿಎನ್‌ಎ ಪರೀಕ್ಷೆಗೆ ಹೋಗುವುದು ಬೇರೆ ಕೊಳವೆಯಲ್ಲಿ, ಮೈನಸ್ 80ರಲ್ಲಿ. ಆಳದ ಹೂಳನ್ನು ಪ್ರಯೋಗಾಲಯದಲ್ಲಿ 28 ಡಿಗ್ರಿಯಲ್ಲಿಟ್ಟು ವೇಗ ಅಳೆದ ವರದಿಯನ್ನು ಒಪ್ಪಬೇಡಿ. ಪ್ರತಿ ಹತ್ತು ಡಿಗ್ರಿ ಏರಿಕೆಗೆ ವೇಗ ಸುಮಾರು ಎರಡು ಪಟ್ಟಾಗುತ್ತದೆ, ಉತ್ತರ ನಾಲ್ಕೈದು ಪಟ್ಟು ಉಬ್ಬಿರುತ್ತದೆ.

ಎಣ್ಣೆ ಕಡಿಮೆಯಾಗಿದೆ ಎಂದರೆ ಅದು ತಿಂದುಹೋಯಿತೋ, ತೊಳೆದುಹೋಯಿತೋ? ಇದನ್ನು ಬೇರ್ಪಡಿಸಲು ಎಣ್ಣೆಯಲ್ಲೇ ಇರುವ ಹೋಪೇನ್ ಎಂಬ ಸಂಯುಕ್ತ ನೆರವಾಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ತೊಳೆದುಹೋದರೆ ಆಲ್ಕೇನ್, ಹೋಪೇನ್ ಎರಡೂ ಒಟ್ಟಿಗೆ ಇಳಿಯುತ್ತವೆ. ತಿಂದರೆ ಆಲ್ಕೇನ್ ಇಳಿದು ಹೋಪೇನ್ ಉಳಿಯುತ್ತದೆ. ಇಂದಿನ ಆಲ್ಕೇನ್-ಹೋಪೇನ್ ಅನುಪಾತವನ್ನು ಮೊದಲ ದಿನದ ಅನುಪಾತದಿಂದ ಭಾಗಿಸಿ, 1ರಿಂದ ಕಳೆದು, ನೂರರಿಂದ ಗುಣಿಸಿದರೆ ಸೂಕ್ಷ್ಮಾಣುಗಳು ತಿಂದ ಪಾಲು ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಹೆಪ್ಟಡೆಕೇನ್ ಎಂಬ ನೇರ ಆಲ್ಕೇನ್‌ಗೂ ಪ್ರಿಸ್ಟೇನ್‌ಗೂ ಇರುವ ಅನುಪಾತ ನೋಡಿದರೂ ಸಾಕು. ಪ್ರಿಸ್ಟೇನ್ ಕವಲೊಡೆದದ್ದು, ತಡವಾಗಿ ತಿನ್ನಲ್ಪಡುತ್ತದೆ.

ಆರಂಭದ ಎಣ್ಣೆ ಕೈಯಲ್ಲಿ ಇಲ್ಲದಿದ್ದರೆ ಈ ಯಾವ ಲೆಕ್ಕವೂ ಆಗುವುದಿಲ್ಲ. ದಂಡೆಗೆ ಎಣ್ಣೆ ಬಂದ ಮೊದಲ ಬೆಳಿಗ್ಗೆಯೇ ತೊಳೆದು ಒಣಗಿಸಿದ ಎರಡು ಗಾಜಿನ ಬಾಟಲಿಗಳಲ್ಲಿ ನೂರು ಗ್ರಾಂನಂತೆ ತುಂಬಿ, ಜಾಗ, ದಿನಾಂಕ, ಭರತಿಯೋ ಇಳಿತವೋ ಎಂದು ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಕಟ್ಟಿ, ಒಂದನ್ನು ಅಧಿಕಾರಿಗಳಿಗೆ ಸಹಿ ಪಡೆದು ಕೊಡಿ. ಇನ್ನೊಂದು ಊರಿನ ಐಸ್ ಪ್ಲಾಂಟಿನ ಕೋಲ್ಡ್ ರೂಮಿನಲ್ಲಿ, ಮೀನಿನಿಂದ ದೂರ, ಬೀಗ ಹಾಕಿದ ಡಬ್ಬಿಯಲ್ಲಿ ಇರಲಿ. ವಿಮೆಯವರು ಇದು ನಮ್ಮ ಹಡಗಿನದಲ್ಲ ಎಂದರೆ ಹೋಲಿಸಲು ಬೇಕಾಗುವುದೂ ಅದೇ ಬಾಟಲಿ.